ಎತ್ತುವ ಮುಂಚೆ ಒಂದು ಏಟು

ಮಾರ್ಚ್ 4, ಬೆಳಿಗ್ಗೆ 8

ಡೆಡ್‌ಲಿಫ್ಟ್. ನೆಲದಿಂದ ಭಾರದ ಬಾರ್ ಎತ್ತುವುದು. 120 ಕಿಲೋ ಮೂರು ಸಲ. 130 ಒಂದು ಸಲ. 140 ನೆಲ ಬಿಡಲಿಲ್ಲ.

ಬಾಮೈದ ಎದುರಿಗೆ ಬಂದು ನಿಂತ. "ಭಾವ, ಕೆನ್ನೆ ಕೊಡಿ." ತಮಾಷೆ ಅಂದುಕೊಂಡೆ. ಛಟೀರ್ ಅಂತ ಬಿತ್ತು. ಕಣ್ಣಲ್ಲಿ ನೀರು. ಆ ಉರಿಯಲ್ಲೇ ಬಗ್ಗಿ ಹಿಡಿದೆ — 140 ಮೊಣಕಾಲು ದಾಟಿ ಮೇಲೆ ಬಂತು.

"ಅಕ್ಕನ ಗಂಡನಿಗೆ ಬಾರಿಸಿ ಥ್ಯಾಂಕ್ಸ್ ಹೇಳಿಸಿಕೊಳ್ಳೋ ಯೋಗ ಎಷ್ಟು ಜನಕ್ಕಿರುತ್ತೆ, ಹೇಳಿ!"

ಇಡೀ ಜಿಮ್ ನಕ್ಕಿತು. ನಾನೂ ನಕ್ಕೆ. ಭಾರದ ಪ್ಲೇಟ್ ಒರೆಸುತ್ತಿದ್ದ ಮುದುಕರೊಬ್ಬರು ಮಾತ್ರ ನಗಲಿಲ್ಲ. ನಲವತ್ತು ವರ್ಷ ಭಾರ ಎತ್ತಿದವರು. ಹಳೇ ಕಬ್ಬಿಣ ಅಂತಲೇ ಎಲ್ಲರೂ ಕರೆಯುವುದು.

ಮಾರ್ಚ್ 9

ಹಳೇ ಕಬ್ಬಿಣ ಪಕ್ಕದಲ್ಲಿ ಕೂರಿಸಿಕೊಂಡರು. "ನಿದ್ದೆ ಕೆಡಿಸ್ಕೋಬೇಡ. ಪಕ್ಕದವನ ಪ್ಲೇಟ್ ಎಣಿಸಬೇಡ. ಇನ್ನೊಂದು ಸಲ ಎತ್ತಬಹುದು ಅನ್ನಿಸುವಾಗಲೇ ಇಳಿಸಿಬಿಡು. ಕೋಪದಲ್ಲಿ ಎತ್ತಬೇಡ. ಇದನ್ನ ನನಗೆ ಇಪ್ಪತ್ತರಲ್ಲಿ ಯಾರಾದರೂ ಹೇಳಿದ್ದಿದ್ರೆ..."

"ಕೋಪದಲ್ಲಿ ಹತ್ತು ಕಿಲೋ ಜಾಸ್ತಿ ಬರುತ್ತಲ್ಲ ಸಾರ್?"

"ಬರುತ್ತೆ. ಆಮೇಲೆ ಕೋಪ ಹೋಗಲ್ಲ."

ಮೊದಲ ಮೂರನ್ನು ಪಾಲಿಸಬಹುದು. ಏಪ್ರಿಲ್ 20ಕ್ಕೆ ಸ್ಪರ್ಧೆ. ಅಷ್ಟರೊಳಗೆ 150 ಬರಲೇಬೇಕು. ಇಲ್ಲದಿದ್ದರೆ ಹೆಸರು ಕೊಡುವುದರಲ್ಲಿ ಅರ್ಥವಿಲ್ಲ.

ಮಾರ್ಚ್ 23, ಮಧ್ಯಾಹ್ನ, ಕನ್ನಡಕದ ಅಂಗಡಿಯ ಹಿಂಕೋಣೆ

ಲೆನ್ಸ್ ಉಜ್ಜುತ್ತಾ ಕೋಪದ ಅಭ್ಯಾಸ. ಕಣ್ಣು ಮುಚ್ಚಿದರೆ ಹತ್ತು ಎಣಿಸುವಷ್ಟರಲ್ಲಿ ಬರಬೇಕು. ಐದನೇ ಕ್ಲಾಸಿನ ಮೇಷ್ಟ್ರನ್ನು ಇಷ್ಟು ದಿನ ಬಳಸಿದೆ. ಜಲ್ಲಿಕಲ್ಲಿನ ಮೇಲೆ ಮಂಡಿಯೂರಿಸಿದ್ದರು. ಈಗ ಎಷ್ಟು ನೆನೆದರೂ ಮೈ ಬಿಸಿಯಾಗುವುದಿಲ್ಲ. ಅವರು ಮುಗಿದರು. ಹೊಸದು ಬೇಕು.

ನನ್ನ ಹೆಂಡತಿ ನಿನ್ನೆ ಅಂದಳು: "ಆ ಕಬ್ಬಿಣ ಎತ್ತಿ ಯಾರನ್ನ ಉದ್ಧಾರ ಮಾಡ್ತೀರಾ?" ನಗುತ್ತಲೇ ಅಂದದ್ದು. ನಗುವನ್ನು ತೆಗೆದುಹಾಕಿದೆ. ಮಾತನ್ನಷ್ಟೇ ಇಟ್ಟುಕೊಂಡೆ.

ಕೆಲಸ ಮಾಡುತ್ತದೆ. ಇವತ್ತು 145.

ಏಪ್ರಿಲ್ 2

147.5. ಬಾಮೈದನ ಏಟಿಗೆ ಮೂಗಲ್ಲಿ ರಕ್ತ. ಒರೆಸಿಕೊಳ್ಳದೆ ಎತ್ತಿದೆ.

ಅಂಗಡಿಯಲ್ಲಿ ಗಿರಾಕಿಯೊಬ್ಬ ಫ್ರೇಮ್ ಸರಿಯಿಲ್ಲ ಎಂದು ಮುಖಕ್ಕೆ ಎಸೆದ. ಕೊರಳಪಟ್ಟಿ ಹಿಡಿದು ಕೌಂಟರಿಗೆ ಅದುಮಿದೆ. ಗಾಜು ಒಡೆಯಿತು. ಅವನ ಅಂಗೈ ಸೀಳಿತು. ಮಾಲೀಕರು ಓಡಿ ಬಂದು ಬಿಡಿಸಿದರು. "ಇನ್ನೊಂದು ಸಲ ಹೀಗಾದ್ರೆ ಮನೇಲೇ ಇದ್ಬಿಡಪ್ಪ."

ಅವನನ್ನು ಅದುಮಿದ್ದು ಹಿತವಾಗಿತ್ತು... ಇದನ್ನು ಯಾರಿಗೂ ಹೇಳುವಂತಿಲ್ಲ.

ಏಪ್ರಿಲ್ 6

ಹಳೇ ಕಬ್ಬಿಣಕ್ಕೆ ಗಿರಾಕಿಯ ಸುದ್ದಿ ಮುಟ್ಟಿದೆ. ಬೈಯಲಿಲ್ಲ. ಬಾರ್ ಒರೆಸುತ್ತಲೇ ಹೇಳಿದರು:

"ನನ್ನ ಮಗನ ದವಡೆ ಮುರಿದವನು ನಾನೇ. ಒಂದು ಲೋಟ ನೀರು ಚೆಲ್ಲಿದ್ದ, ಅಷ್ಟೆ. ಈಗವನಿಗೆ ಮೂವತ್ತೆಂಟು. ಅಗಿಯುವಾಗ ಟಕ್ ಟಕ್ ಅನ್ನುತ್ತೆ. ನನ್ನೆದುರು ಕೂತು ಊಟ ಮಾಡಲ್ಲ."

ಬೆಲ್ಟ್ ಬಿಗಿದುಕೊಂಡೆ.

ಏಪ್ರಿಲ್ 11, ಬೆಳಿಗ್ಗೆ 9.15

ಸರಿಯಾಗಿ ಬರೆಯಬೇಕು.

ಇವತ್ತು 150 ಎತ್ತುವ ದಿನ. ಎದ್ದಾಗಿನಿಂದ ಮಾತಾಡಿರಲಿಲ್ಲ. ಒಳಗೇ ಕಾಯಿಸುತ್ತಿದ್ದೆ. ಶೂ ಕಟ್ಟಿ ಎದ್ದೆ. ಇವಳು ಬಾಗಿಲಲ್ಲಿ ನಿಂತಿದ್ದಳು.

"ಇವತ್ತೊಂದಿನ ಬಿಡಿ. ಅಮ್ಮನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ಬೇಕು."

"ದಾರಿ ಬಿಡು."

"ಹೋಗ್ಲಿ, ಆಟೋನಾದ್ರೂ ತಂದುಕೊಟ್ಟು—"

ಮೊದಲನೆಯದು ಅಂಗೈ. ಎರಡನೆಯದು ಮುಷ್ಟಿ. ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಹುಬ್ಬು ಒಡೆಯಿತು. ರಕ್ತ ನನ್ನ ಶೂ ಮೇಲೆ ತೊಟ್ಟಿಕ್ಕಿತು. ಅವಳು ನನ್ನ ಮುಖ ನೋಡಲಿಲ್ಲ, ಕೈ ನೋಡುತ್ತಿದ್ದಳು. ಇನ್ನೊಂದು ಬರುತ್ತದೋ ಎಂದು.

ದಾಟಿಕೊಂಡು ಹೋದೆ. 150 ಎತ್ತಿದೆ. ಯಾರೂ ಹೊಡೆಯಬೇಕಾಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದರೆ ಬಾಗಿಲು ತೆರೆದೇ ಇತ್ತು. ಅವಳ ಚಪ್ಪಲಿ ಇರಲಿಲ್ಲ.

ಏಪ್ರಿಲ್ 14

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಎತ್ತಿದರೆ ಪಕ್ಕೆಲುಬು ಇರಿಯುತ್ತದೆ.

ಜಿಮ್‌ನಲ್ಲಿ ಬಾಮೈದ ಕಾಯುತ್ತಿದ್ದ. "ಭಾವ, ಕೆನ್ನೆ ಕೊಡಿ." ಎಂದಿನ ದನಿಯೇ. ಕೊಟ್ಟೆ. ಮುಷ್ಟಿ ಬಿತ್ತು. ಎರಡು ಹಲ್ಲು ನಾಲಿಗೆಯ ಮೇಲಿದ್ದವು. ಬಿದ್ದವನಿಗೆ ಒದ್ದ.

"ಇದು ಅಕ್ಕನ ಹುಬ್ಬಿಗೆ." ಮತ್ತೆ ಒದ್ದ. "ಇದು ನಿನ್ನನ್ನ ಭಾವ ಅಂದಿದ್ದಕ್ಕೆ."

ಏಕವಚನ ಮೊದಲ ಸಲ. ನಾನು ಕೈ ಅಡ್ಡ ಹಿಡಿಯಲಿಲ್ಲ. ಹಳೇ ಕಬ್ಬಿಣ ಹಿಂದಿನಿಂದ ತಬ್ಬಿ ಅವನನ್ನು ಎಳೆದರು. ಅವನು ಬೆಂಚಿನ ಮೇಲೆ ಕುಸಿದು ತನ್ನ ಕೆನ್ನೆಗೇ ಪಟಪಟ ಹೊಡೆದುಕೊಂಡ. "ನಾನೇ ಕಲಿಸಿದ್ದು ಸಾರ್, ನಾನೇ ಕಲಿಸಿದ್ದು..."

ಮೇ 3

ಸ್ಪರ್ಧೆ ಎಂದೋ ಮುಗಿಯಿತು. ಯಾರು ಗೆದ್ದರೋ ಕೇಳಲಿಲ್ಲ.

ನಾಳೆ ಸಂಜೆ ಐದಕ್ಕೆ ನಾನು ಅವಳ ತವರಿಗೆ ಬರಬಹುದಂತೆ. ಅತ್ತೆ ಫೋನ್ ಮಾಡಿದ್ದರು. "ಹೊರಗಡೆ ಮೆಟ್ಟಿಲ ಹತ್ರ ಮಾತಾಡ್ಕೊಂಡು ಹೋಗಿ. ಒಳಗೆ ಬೇಡ." ಅವಳು ವಾಪಸ್ ಬರುತ್ತಾಳೋ ಇಲ್ಲವೋ ನಾಳೆ ಗೊತ್ತಾಗುತ್ತದೆ.

ಮೇ 4, ಸಂಜೆ 6

ಅವಳು ಮೇಲಿನ ಮೆಟ್ಟಿಲಲ್ಲಿ. ನಾನು ಕೆಳಗೆ. ಹುಬ್ಬಿನ ಮೇಲೆ ಹೊಲಿಗೆಯ ಗುರುತು. ತಪ್ಪಾಯಿತು ಎಂದೆ. ಅದು ಗೊತ್ತಿರೋದೇ ಎಂದಳು.

"ಒಂದೇ ಪ್ರಶ್ನೆ. ಆವತ್ತು ಕೋಪ ಬಂದಿತ್ತಾ, ತರಿಸಿಕೊಂಡಿದ್ರಾ?"

ಬಂದಿತ್ತು ಎಂದಿದ್ದರೆ ನಂಬುತ್ತಿದ್ದಳು. ನಂಬಲು ಸಿದ್ಧಳಾಗಿಯೇ ಕೂತಿದ್ದಳು, ಅದು ಕಾಣುತ್ತಿತ್ತು.

"ತರಿಸಿಕೊಂಡಿದ್ದೆ."

"ಯಾರನ್ನ ನೆನೆಸಿಕೊಂಡು?"

"ನಿನ್ನನ್ನೇ."

ಅವಳು ಎದ್ದು ನಿಂತಳು. ಇನ್ನೂ ಹೇಳುವುದಿತ್ತು. ಹೇಳಲು ಬಾಯಿ ತೆರೆದೆ. ತಟ್ಟನೆ ಹಿಂದಕ್ಕೆ ಸರಿದಳು, ಬೆನ್ನು ಬಾಗಿಲಿಗೆ ತಾಗುವಷ್ಟು. ಎರಡೂ ಕೈ ಮುಖಕ್ಕೆ ಅಡ್ಡ. ನಾನು ಕೈ ಎತ್ತಿರಲಿಲ್ಲ. ಮೆಟ್ಟಿಲು ಹತ್ತಿರಲಿಲ್ಲ. ಬರೀ ಬಾಯಿ ತೆರೆದಿದ್ದೆ, ಅಷ್ಟಕ್ಕೇ ಅವಳು— ವಾಪಸ್ ಬರುವುದಿಲ್ಲ ಎಂದು ಗೊತ್ತಾಯಿತು.