ಎಣ್ಣೆ ಹಚ್ಚಿದ ತಲೆ

ಅವ್ವಾ,

ನೀನಿಲ್ಲ. ಇದ್ದಿದ್ದರೂ ನಿನಗೆ ಓದಲು ಬರುತ್ತಿರಲಿಲ್ಲ. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು.

ನಾನು ಕಸ ಗುಡಿಸುವ ಚಿಕ್ಕೋಡಿಯ ದವಾಖಾನೆಯಲ್ಲಿ ಮಿದುಳಿನ ಪರೀಕ್ಷೆ ಕಲಿಯುವ ಹುಡುಗರಿಗೆ ಇವತ್ತು ಪಾಠವಿತ್ತು. ಅವರಿಗೊಂದು ತಲೆ ಬೇಕಾಗಿತ್ತು, ನನ್ನನ್ನು ಕೂರಿಸಿದರು. ಕಲಿಸುವ ಬಾಯಾರು ನನ್ನ ತಲೆಗೆ ವಾಯರು ಅಂಟಿಸುತ್ತಾ, "ಪೇಶಂಟು ತಲೀಗೆ ಎಣ್ಣಿ ಹಚ್ಚಿಕೊಂಡು ಬಂದ್ರ ಏನ್ ಮಾಡ್ತೀರಿ?" ಎಂದು ಕೇಳಿದರು.

"ವಾಯರ್ ಹತ್ತೂದಿಲ್ರಿ. ಮನೀಗೆ ಕಳಸ್ತೇವ್ರಿ," ಎಂದ ಒಬ್ಬ.

"ಯಾಕ, ಇಲ್ಲಿ ನಳಾ ಇಲ್ಲೇನು? ಸಬಕಾರ ಇಲ್ಲೇನು? ತೊಳದು ಕೂಡ್ಸ್ರಿ."

ಇಷ್ಟೇ, ಅವ್ವಾ! ತಂಗಿ ಸುಂದರಾಳ ಫಿಟ್ಸಿಗೆ ಇದೇ ಪರೀಕ್ಷೆ ಮಾಡಿಸಲು ನಾವು ಐನಾಪುರದಿಂದ ದೊಡ್ಡ ದವಾಖಾನೆಗೆ ಹೋದಾಗ, "ಇಷ್ಟ್ ಎಣ್ಣಿ ಯಾಕ ಬಡದೀಬೇ? ಮುಂದಿನ ತಿಂಗಳ ಬಾ," ಎಂದು ನಿನ್ನನ್ನು ಅಟ್ಟಿದರಲ್ಲ, ಅಲ್ಲಿಯೂ ಬಾಗಿಲಲ್ಲೇ ನಳವಿತ್ತು. ಆ ತಿಂಗಳು ತುಂಬುವ ಮೊದಲೇ ಅವಳು ಬಟ್ಟೆ ಒಗೆಯುವಾಗ ಫಿಟ್ಸ್ ಬಂದು ಹೊಳೆಗೆ ಬಿದ್ದಳು. ಅಂದಿನಿಂದ ಸಾಯುವ ತನಕ ನೀನು ತಲೆಗೆ ಎಣ್ಣೆ ಮುಟ್ಟಿಸಲಿಲ್ಲ.

ನನ್ನ ತಲೆಯ ವಾಯರು ಸೇರಿದ್ದ ಯಂತ್ರದ ಪೆನ್ನುಗಳು ಒಮ್ಮೆಲೇ ಕಾಗದದ ಮೇಲೆ ಕುಣಿಯತೊಡಗಿದವು.

"ಇದು ಮಿದುಳಿಂದಲ್ಲ, ಹಲ್ಲು ಕಚ್ಚಿದ್ದು. ಲೆಕ್ಕಕ್ಕ ಹಿಡೀಬ್ಯಾಡ್ರಿ," ಎಂದು ಬಾಯಾರು ಹುಡುಗರಿಗೆ ತೋರಿಸಿದರು. ಆಮೇಲೆ ನನಗೆ, "ಯಾಕವಾ, ಸಿಟ್ಟು ಬಂದೈತೇನು?" ಎಂದರು.

ಯಾರೆದುರೂ ಬಾಯಿ ಬಿಡದ ನಾನು, "ಹೌದ್ರಿ. ಲೆಕ್ಕಕ್ಕ ಹಿಡೀರಿ," ಎಂದೆ.

ದೊಡ್ಡ ದವಾಖಾನೆಗೆ ಹೊರಟ ಮಗಳು ಕೆದರಿದ ತಲೆಯಲ್ಲಿ ಹೋಗಬಾರದೆಂದು ನೀನು ಎಣ್ಣೆ ಹಚ್ಚಿ ಹೆರಳು ಹಾಕಿದ್ದೆ. ಅವರು ತೊಳೆಯಬಹುದಿತ್ತು, ಅವ್ವಾ.