ಒಣ ತೊಟ್ಟಿಯ ತಾಲೀಮು

ಮನೆಯಿಂದ,
ಶನಿವಾರ, ನವೆಂಬರ್ ೧೮, ಮಧ್ಯಾಹ್ನ

ನನ್ನ ಚಿನ್ನದಂಥ ಮಗನೇ,

ಹೇಗಿದ್ದೀಯಪ್ಪ? ಹಡಗಿನ ಊಟ ಮೈಗೆ ಹತ್ತುತ್ತಿದೆಯೋ ಇಲ್ಲವೋ? ಹೋದ ಸಲ ಕಳಿಸಿದ ಫೋಟೋದಲ್ಲಿ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ನಿನ್ನಕ್ಕ ‘ಅದು ಬೆಳಕು ಬಿದ್ದಿರೋ ರೀತಿ ಅಮ್ಮ’ ಅಂದಳು, ನಾನು ನಂಬಲಿಲ್ಲ. ಆ ಎಂಜಿನ್ ಕೋಣೆಯ ಸದ್ದಿಗೆ ಕಿವಿ ಮುಚ್ಚಿಕೊಂಡು ಕೆಲಸ ಮಾಡುತ್ತೀ ತಾನೆ? ಮನೆಗೆ ಒಬ್ಬರು ಕಿವುಡರು ಸಾಕು. ನನ್ನ ಮಂಡಿನೋವು ಬರುತ್ತದೆ, ಹೋಗುತ್ತದೆ, ಅದರ ಪಾಡಿಗೆ ಅದು.

ಒಳ್ಳೆಯ ಸುದ್ದಿಯನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದನ್ನು ಓದುತ್ತಾ ನೀನು ಎದೆ ಹಿಡಿದುಕೊಂಡು ಕೂರುತ್ತೀ. ನಿಮ್ಮಪ್ಪನ ಬಲಗೈ ಈಗ ಸರಿಯಾಗಿದೆ. ಕೈಗೆ ಏನಾಗಿತ್ತು ಅಂತ ಕೇಳುತ್ತೀಯಲ್ಲ? ಅದನ್ನೇ ಎರಡೂವರೆ ತಿಂಗಳಿಂದ ನಿನಗೆ ಬರೆಯದೆ ನುಂಗಿಕೊಂಡಿದ್ದೆ. ಬೈಯಬೇಕೆನಿಸಿದರೆ ಬೈ. ನಡುಸಮುದ್ರದಲ್ಲಿರುವವನಿಗೆ ಅರ್ಧ ಸುದ್ದಿ ಕಳಿಸಿ ನಿದ್ದೆ ಕೆಡಿಸಲು ಮನಸ್ಸು ಬರಲಿಲ್ಲ.

ದೀಕ್ಷಾಸ್ನಾನದ ಹಿಂದಿನ ಶನಿವಾರ ನಿಮ್ಮಪ್ಪ ನಡೆಸುವ ತಾಲೀಮು ನಿನಗೆ ಗೊತ್ತೇ ಇದೆ. ಬೇರೆ ಬ್ಯಾಪ್ಟಿಸ್ಟ್ ಪಾಸ್ಟರುಗಳು ಭಾನುವಾರ ನೇರವಾಗಿ ನೀರಿಗಿಳಿದು ಜನರನ್ನು ಮುಳುಗಿಸಿ ಎತ್ತುತ್ತಾರೆ. ನಮ್ಮವರು ಹದಿನೇಳು ವರ್ಷ ಫಿರಂಗಿ ದಳದಲ್ಲಿದ್ದವರು, ತಾಲೀಮಿಲ್ಲದೆ ಒಂದು ಕುರ್ಚಿಯನ್ನೂ ಸರಿಸುವವರಲ್ಲ. ಸಭಾಮಂದಿರದ ವೇದಿಕೆಯ ಹಲಗೆ ಎತ್ತಿ, ಅದರಡಿಯ ನೀರಿಲ್ಲದ ತೊಟ್ಟಿಗೆ ನನ್ನನ್ನು ಇಳಿಸಿ, ‘ಕೈ ಎದೆ ಮೇಲೆ, ಮಂಡಿ ಸಡಿಲ, ಉಸಿರು ಹಿಡಿ’ ಅಂತ ಆಜ್ಞೆ ಕೊಟ್ಟು, ಬೆನ್ನಿಗೆ ಬಲಗೈ ಆನಿಸಿ, ಹಿಂದಕ್ಕೆ ಬಾಗಿಸಿ ಎತ್ತುತ್ತಾರೆ. ನಿಜವಾದ ದೀಕ್ಷಾಸ್ನಾನ ನನಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದೇ ಸಲ ಆದದ್ದು. ಒಣ ದೀಕ್ಷಾಸ್ನಾನ ಮುನ್ನೂರಾದರೂ ಆಗಿರಬೇಕು. ನೀವು ಮಕ್ಕಳು ಮುಂದಿನ ಬೆಂಚಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಅವರು ಮಾತ್ರ ಒಮ್ಮೆಯೂ ನಕ್ಕಿದ್ದಿಲ್ಲ. ಅದರ ಕಾರಣ ನಿಮಗೆ ಹೇಳಿರಲಿಲ್ಲ, ಈಗ ಹೇಳುತ್ತೇನೆ. ಸೈನ್ಯದಲ್ಲಿದ್ದಾಗ ಒಂದು ನದಿ ದಾಟುವಾಗ ಜೊತೆಯವನೊಬ್ಬ ಇವರ ಕೈ ಹಿಡಿದುಕೊಂಡಿದ್ದನಂತೆ. ಕೈ ಜಾರಿತು. ಮದುವೆಯಾದ ವರ್ಷ ಒಂದೇ ಒಂದು ಸಲ ಹೇಳಿದರು, ಮತ್ತೆಂದೂ ಆ ಮಾತೆತ್ತಲಿಲ್ಲ. ನೀರಿನಲ್ಲಿ ಇನ್ನೊಬ್ಬರು ತಮ್ಮ ಕೈಯಿಂದ ಜಾರಬಾರದು, ಅದೊಂದೇ ಅವರ ಹಟ.

ಸೆಪ್ಟೆಂಬರ್ ಮೊದಲ ಶನಿವಾರ ನಾನು ಜಾರಿದೆ. ಬಾಗಿಸಿದರು, ‘ಏಳು’ ಅನ್ನುವ ಹೊತ್ತಿಗೆ ಬೆರಳು ಬಿಟ್ಟುಕೊಂಡವು, ನಾನು ಧೊಪ್ಪನೆ ತೊಟ್ಟಿಯ ತಳಕ್ಕೆ ಬಿದ್ದೆ. ಮೊಣಕೈ ತರಚಿತು, ಅಷ್ಟೇ. ‘ನಂದೇ ತಪ್ಪು ರೀ, ಚಪ್ಪಲಿ ಜಾರ್ತು’ ಅಂದೆ. ತೊಟ್ಟಿಗೆ ಯಾರಾದರೂ ಚಪ್ಪಲಿ ಹಾಕಿಕೊಂಡು ಇಳಿಯುತ್ತಾರೆಯೇ! ಬರಿಗಾಲಿನಲ್ಲಿ ನಿಂತು ಹೇಳಿದ ಸುಳ್ಳು. ಅವರು ತಮ್ಮ ಕೈಯನ್ನೇ ನೋಡುತ್ತಾ ನಿಂತಿದ್ದರು. ಅದು ಸಣ್ಣಗೆ ನಡುಗುತ್ತಿತ್ತು. ಮರುದಿನ ನೀರಿಗಿಳಿಯಬೇಕಿದ್ದವರು ನಮ್ಮ ಬೀದಿಯ ನಿವೃತ್ತ ಬಸ್ ಡ್ರೈವರು, ನೂರು ಕಿಲೋಗೆ ಒಂದು ಗ್ರಾಮೂ ಕಡಿಮೆಯಿಲ್ಲದ ಆಳು. ಅವರ ಸ್ನಾನವನ್ನು ಮುಂದಕ್ಕೆ ಹಾಕಿದರು. ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ಹಾಗೆ ಮಾಡಿದ್ದು ಅದೇ ಮೊದಲು. ಆಮೇಲೆ ನನಗೆ ಒಂದೊಂದೇ ಹೊಳೆಯಿತು: ತಿಂಗಳುಗಳಿಂದ ಶೂ ಪಾಲಿಶ್ ಎಡಗೈಯಲ್ಲಿ, ಕಾಫಿ ಲೋಟ ಎಡಗೈಯಲ್ಲಿ, ಅಂಗಿಯ ಮೇಲಿನ ಗುಂಡಿ ಹಾಕದೆ ಹಾಗೇ. ಅವರ ತಂದೆಗೆ ಬಂದಿದ್ದ ನಡುಕದ ಕಾಯಿಲೆ ತಮಗೂ ಬಂತೆಂದು ಒಬ್ಬರಿಗೂ ಹೇಳದೆ ತೀರ್ಮಾನಿಸಿಬಿಟ್ಟಿದ್ದರು. ನಿನ್ನಜ್ಜ ಕೊನೆಗೆ ಚಮಚವನ್ನೂ ಹಿಡಿಯಲಾಗದೆ ಹೋದವರು. ಸೋಮವಾರ ಬೆಳಿಗ್ಗೆ ನೋಡಿದರೆ ಸಭೆಯ ಹಿರಿಯರಿಗೆ ಬರೆದ ರಾಜೀನಾಮೆ ಮೇಜಿನ ಮೇಲಿತ್ತು. ಮುತ್ತಿನಂಥ ಅಕ್ಷರದವರು, ಕೋಳಿ ಕೆದರಿದ ಹಾಗೆ ಬರೆದಿದ್ದರು.

ಅದು ಹಿರಿಯರ ಕೈಸೇರಲು ನಾನು ಬಿಡುವ ಹಾಗಿರಲಿಲ್ಲ, ಯಾಕೆಂದರೆ ನಿನ್ನ ಆಗಸ್ಟ್ ತಿಂಗಳ ಕಾಗದ ನನ್ನ ಹೊಲಿಗೆ ಡಬ್ಬಿಯಲ್ಲಿತ್ತು. ಹದಿನಾಲ್ಕನೆಯ ವಯಸ್ಸಿನಲ್ಲಿ ನೀನು ದೀಕ್ಷಾಸ್ನಾನ ಬೇಕೆಂದಾಗ ಅವರು ‘ನೀನು ನನ್ನ ಖುಷಿಗೆ ಕೇಳ್ತಿದೀಯ, ನಿನಗೇ ಬೇಕು ಅನ್ಸಿದಾಗ ಬಾ’ ಅಂದದ್ದು, ನೀನು ‘ಊರಿನೋರ್ನೆಲ್ಲ ಹಿಡಿಯೋ ಕೈ ಮಗನಿಗಿಲ್ಲ’ ಅಂತ ಬಾಗಿಲು ಬಡಿದು ಹೋದದ್ದು, ಆಮೇಲೆ ಹದಿನೇಳು ವರ್ಷ ಇಬ್ಬರೂ ಬಿಸಿಲು ಮಳೆಯ ಮಾತು ಬಿಟ್ಟರೆ ಬೇರೇನೂ ಆಡದ್ದು, ಎಲ್ಲಾ ನನ್ನ ಕಣ್ಣೆದುರೇ ನಡೆದದ್ದು. ಈಗ ನೀನಾಗಿಯೇ ಬರೆದಿದ್ದೀ: ಬೇಕು ಅಮ್ಮ, ಅಪ್ಪನ ಕೈಯಿಂದಲೇ ಬೇಕು, ರಜೆಗೆ ಬಂದು ನಾನೇ ಕೇಳುತ್ತೇನೆ, ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ ಅಂತ. ಅದನ್ನು ಓದಿದ ದಿನ ಒಲೆಯ ಮೇಲೆ ಹಾಲು ಉಕ್ಕಿ ಹರಿದರೂ ನನಗೆ ತಿಳಿಯಲಿಲ್ಲ. ಮೂರು ವಾರ ಕಳೆಯುವಷ್ಟರಲ್ಲಿ ಆ ಕೈಯೇ ಹೋಯಿತೆಂದರೆ! ರಾಜೀನಾಮೆಯನ್ನು ಹಿಟ್ಟಿನ ಡಬ್ಬದ ಕೆಳಗೆ ತುರುಕಿ, ‘ಮೊದ್ಲು ಡಾಕ್ಟ್ರು, ಆಮೇಲೆ ದೊರೆಗಳ ರಾಜೀನಾಮೆ’ ಅಂತ ಅವರನ್ನು ಎಳೆದುಕೊಂಡೇ ಹೋದೆ.

ಡಾಕ್ಟರಮ್ಮ ನಿನ್ನಕ್ಕನ ವಯಸ್ಸಿನವರು. ಬೆರಳು ಮಡಿಸಿ, ಸೂಜಿ ತಾಗಿಸಿ, ಕೋಣೆಯ ಉದ್ದಕ್ಕೂ ನಡೆಸಿ ನೋಡಿದರು. ನಿಮ್ಮಪ್ಪ ಕವಾಯತಿನಲ್ಲಿ ನಡೆದ ಹಾಗೆ ನಡೆದರು. ‘ಪಾಸ್ಟರೇ, ನೀವಂದ್ಕೊಂಡಿರೋ ಕಾಯಿಲೆ ಇದಲ್ಲ’ ಅಂದು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರೆ ಮೊಣಕೈ ಹತ್ತಿರ ಒಂದು ಬಿಳಿ ಚುಕ್ಕೆ. ಯುದ್ಧದಲ್ಲಿ ಸಿಡಿದ ಗುಂಡಿನ ಚೂರಂತೆ. ಆ ಸಿಡಿತ ಎಡಗಿವಿಯನ್ನು ಕಿವುಡು ಮಾಡಿದ ದಿನವೇ ಕೈಯೊಳಗೂ ಹೊಕ್ಕು, ಇಷ್ಟು ವರ್ಷ ತೆಪ್ಪಗೆ ಕೂತಿದ್ದು, ಈಗ ಸರಿದು ನರವನ್ನು ಒತ್ತುತ್ತಿತ್ತು. ನಾನು ಅಲ್ಲೇ ಗೊಳೋ ಎಂದು ಅತ್ತುಬಿಟ್ಟೆ. ‘ತೆಗೀಬಹುದು. ಈ ವಯಸ್ಸಲ್ಲಿ ಹಾಗೇ ಬಿಟ್ರೂ ನಡೆಯುತ್ತೆ, ಭಾರ ಎತ್ತಬಾರ್ದು ಅಷ್ಟೇ’ ಅಂದರು ಡಾಕ್ಟರಮ್ಮ. ಅಪ್ಪ ಹಿಂದೆಮುಂದೆ ನೋಡದೆ ‘ಬಿಟ್ಬಿಡಿ, ನನ್ನ ಕೆಲಸ ಮುಗೀತು’ ಅಂದುಬಿಟ್ಟರು. ಆಗ ನನಗೆ ತಡೆಯಲಾಗಲಿಲ್ಲ ಮಗನೇ. ‘ಎಲ್ಲಿ ಮುಗೀತು, ಈ ಕೈ ಇನ್ನೂ ನಮ್ಮ ಮಗನನ್ನ ಹಿಡೀಬೇಕು’ ಅಂತ ಗೊಣಗಿಬಿಟ್ಟೆ. ಹೆದರಬೇಡ, ನಾನು ಕೂತಿದ್ದದ್ದು ಅವರ ಎಡಗಡೆ. ಮೂವತ್ತಾರು ವರ್ಷದಿಂದ ನನ್ನ ಸಿಟ್ಟನ್ನೆಲ್ಲ ಆ ಕಡೆ ನಿಂತೇ ಗೊಣಗಿ ಹಗುರಾಗುತ್ತಿದ್ದೇನೆ, ಒಂದಕ್ಷರವೂ ಒಳಗೆ ಹೋದದ್ದಿಲ್ಲ. ಅಂಗಿಯ ತೋಳು ಇಳಿಸಿಕೊಳ್ಳುತ್ತಿದ್ದವರು ಅದನ್ನು ಮತ್ತೆ ಮೇಲಕ್ಕೆ ಮಡಚಿ, ‘ತೆಗೀರಿ’ ಅಂದರು. ಅದೇನು ಮನಸ್ಸು ಬದಲಾಯಿತೋ, ಆ ದೇವರೇ ಹೇಳಿಸಿದ.

ಆಪರೇಷನ್ ಸಲೀಸಾಗಿ ಆಯಿತು. ತೆಗೆದ ಚೂರನ್ನು ಸಣ್ಣ ಶೀಶೆಯಲ್ಲಿ ಹಾಕಿ ಕೊಟ್ಟರು, ಇವರು ತಂದು ಅಂಗಿ ಗುಂಡಿಗಳ ಡಬ್ಬಿಗೆ ಹಾಕಿದರು. ಹಿಡಿತ ಬರಲು ಒದ್ದೆ ಬಟ್ಟೆ ಹಿಂಡಬೇಕೆಂದದ್ದೇ ತಡ, ಮನೆಯ ಬಟ್ಟೆಯೆಲ್ಲ ಅವರ ವಶವಾಯಿತು. ದಿನಾ ಬೆಳಿಗ್ಗೆ ಆರಕ್ಕೆ ಸರಿಯಾಗಿ ಬಚ್ಚಲಲ್ಲಿ ಹಾಜರು. ಎರಡು ದಿಂಬಿನ ಚೀಲ ಹರಿದು ಕೈಗೆ ಬಂದವು. ನಿನ್ನಕ್ಕ ಫೋನಿನಲ್ಲಿ ‘ಅಪ್ಪ, ನಮ್ಮನೇ ಬಟ್ಟೆನೂ ಕಳಿಸ್ಲಾ?’ ಅಂತ ರೇಗಿಸುತ್ತಾಳೆ. ನಿಮ್ಮಿಬ್ಬರ ಶೂ ಉಜ್ಜಿ, ಅವಳ ಜಡೆ ಹೆಣೆದು, ನಿನ್ನ ನೋಟ್‌ಬುಕ್ಕಿಗೆ ರಟ್ಟು ಹಾಕಿ ಕೊಟ್ಟ ಕೈ ಅದು, ನಿನಗೆ ಕೋಪದಲ್ಲಿ ಮರೆತಿರಬಹುದು. ಹೋದ ಭಾನುವಾರ ಡ್ರೈವರನ್ನು ನೀರಿಗಿಳಿಸಿದರು. ನಾನು ಮುಂದಿನ ಬೆಂಚಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದೆ, ಕಣ್ಣು ಆ ಕೈ ಮೇಲೇ. ಅಷ್ಟು ದೊಡ್ಡ ದೇಹ ಮುಳುಗಿತು, ಎದ್ದಿತು, ನೀರು ವೇದಿಕೆಯ ಮೇಲೆಲ್ಲ ಚೆಲ್ಲಿತು. ಕೈ ಕದಲಲಿಲ್ಲ. ಡ್ರೈವರು ಮುಖ ಒರೆಸಿಕೊಳ್ಳುತ್ತಾ ‘ಪಾಸ್ಟರೇ, ನಿಮ್ಮ ಬ್ರೇಕು ಇನ್ನೂ ಗಟ್ಟಿಯಾಗಿದೆ’ ಅಂದರು, ಇಡೀ ಸಭೆ ನಕ್ಕಿತು. ನಾನು ಮಾತ್ರ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅಬ್ಬಾ, ಎಷ್ಟು ದಿನದ ಮೇಲೆ ಸರಿಯಾಗಿ ಉಸಿರಾಡಿದೆ! ಹಿಟ್ಟಿನ ಡಬ್ಬದ ಕೆಳಗಿಂದ ತೆಗೆದುಕೊಟ್ಟ ಆ ರಾಜೀನಾಮೆಯನ್ನು ಅವರು ಹರಿಯಲಿಲ್ಲ ಕಣೋ. ಹಾಳೆ ದಂಡ ಆಗಬಾರದಂತೆ, ಹಿಂಬದಿಯಲ್ಲಿ ನಾಳಿನ ಆರಾಧನೆಯಲ್ಲಿ ಹೇಳುವ ಪ್ರಸಂಗದ ಟಿಪ್ಪಣಿ ಬರೆದುಕೊಂಡಿದ್ದಾರೆ. ಅಕ್ಷರ ಮತ್ತೆ ಮುತ್ತಿನ ಹಾಗಿದೆ.

ನಿನ್ನ ಗುಟ್ಟು ಭದ್ರವಾಗಿದೆ. ಬರುವ ತಿಂಗಳು ಬಂದಾಗ ನೀನೇ ಕೇಳು. ಮರೆಯದೆ ಅವರ ಬಲಗಡೆ ನಿಂತು ಕೇಳು, ಇಲ್ಲದಿದ್ದರೆ ಹದಿನೇಳು ವರ್ಷ ಕಾದದ್ದನ್ನು ಎರಡೆರಡು ಸಲ ಹೇಳಬೇಕಾಗುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ಕರ್ತನು ನಿನ್ನನ್ನು ನೀರಿನ ಮೇಲೂ ನೆಲದ ಮೇಲೂ ಕಾಯಲಿ. ಅಕ್ಕ, ಭಾವ ನಿನ್ನನ್ನು ಕೇಳಿದ್ದಾರೆ.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ಇನ್ನೊಂದು ಮಾತು: ಇದನ್ನು ಅಂಚೆಗೆ ಹಾಕಲು ಹೊರಟವಳು ದಾರಿಯಲ್ಲಿ ಸಭಾಮಂದಿರದ ಬಾಗಿಲು ತೆರೆದಿರುವುದು ಕಂಡು ಒಳಗೆ ಹೋದೆ. ಅಲ್ಲೇ ಬೆಂಚಿನ ಮೇಲೆ ಕೂತು ಗೀಚುತ್ತಿದ್ದೇನೆ. ನಾಳೆ ಯಾರ ದೀಕ್ಷಾಸ್ನಾನವೂ ಇಲ್ಲ. ಆದರೂ ನಿಮ್ಮಪ್ಪ ಒಣ ತೊಟ್ಟಿಯಲ್ಲಿದ್ದಾರೆ. ತಾಲೀಮಿಗೆ ನನ್ನನ್ನು ಕರೆದಿಲ್ಲ, ಮೂಲೆಮನೆಯ ಉದ್ದನೆಯ ಬಡಗಿಯನ್ನು ಕರೆತಂದಿದ್ದಾರೆ. ಅವನನ್ನು ನಾಲ್ಕನೆಯ ಸಲ ಬಾಗಿಸುತ್ತಾ, ‘ಇನ್ನೂ ಭಾರ ಬಿಡಪ್ಪ, ನನ್ನ ಮಗ ಆರಡಿ ಇದಾನೆ’ ಅನ್ನುತ್ತಿದ್ದಾರೆ. ತೊಟ್ಟಿಯ ಗೋಡೆಯಲ್ಲಿ ನೀರಿನ ಹಳೆಯ ಗುರುತಿಗಿಂತ ನಾಲ್ಕು ಬೆರಳು ಮೇಲೆ ಪೆನ್ಸಿಲಿನಲ್ಲಿ ಹೊಸ ಗೆರೆ ಎಳೆದಿದ್ದಾರೆ. ಹಾಗಾದರೆ ಡಾಕ್ಟರಮ್ಮನ ಮುಂದೆ ನಾನು ಅಂದದ್ದು ಕೇಳಿಸಿದೆ! ಅಯ್ಯೋ ನನ್ನ ಕರ್ಮವೇ, ಮೂವತ್ತಾರು ವರ್ಷ ಗೊಣಗಿದ್ದೂ ಕೇಳಿಸಿರಬೇಕು. ಇರಲಿ, ನೀನು ಬಂದು ಬಾಯಿಬಿಟ್ಟು ಕೇಳು. ಅವರು ಏನೂ ಗೊತ್ತಿಲ್ಲದವರ ಹಾಗೆ ಇರುತ್ತಾರೆ, ನೀನೂ ಹಾಗೇ ಇರು. ಯಾವ ಕಡೆ ನಿಂತು ಕೇಳಿದರೂ ಸರಿ.