ಅಪ್ಪ “ಸಮ” ಅಂದ ಗಡಿಯಾರ

ಮಾರ್ಚ್ 3, ಬೆಳಿಗ್ಗೆ
ರಿಪೇರಿಗೆ ಬಂದ ಲೈಬ್ರರಿ ಹಾಲಿನ ದೊಡ್ಡ ಗಡಿಯಾರ ಬಿಚ್ಚಿ ತೊಳೆದಾಯಿತು. ನೂರು ವರ್ಷದ ಮುದುಕ. ಚಕ್ರಗಳ ಹಲ್ಲಿನ ಸಂದಿಯಲ್ಲೆಲ್ಲ ಜಿಡ್ಡು. ಹಿಂಬದಿ ತಗಡಿನ ಮೇಲೆ ಅಪ್ಪನ ಗುರುತು ಮೂರು ಕಡೆ. ನಮ್ಮ ಅಂಗಡಿಯಲ್ಲಿ ರಿಪೇರಿ ಮಾಡಿದವರು ಸೂಜಿಯಲ್ಲಿ ಇಸವಿ, ತಮ್ಮ ಗುರುತು ಗೀಚಬೇಕು. ಅದೂ ಅಪ್ಪ ಟಿಕ್‌ಟಕ್‌ಗೆ ಕಿವಿಯಿಟ್ಟು “ಸಮ” ಅಂದ ಮೇಲೆಯೇ. ಹನ್ನೆರಡು ವರ್ಷದಿಂದ ಈ ಬೆಂಚಿನಲ್ಲಿದ್ದೇನೆ, ದೊಡ್ಡ ಗಡಿಯಾರ ಒಂದರ ಮೇಲೂ ನನ್ನ ಗುರುತಿಲ್ಲ. ಇದು ನನ್ನದೇ.

ಸಂಜೆ
ನನ್ನದಲ್ಲವಂತೆ! “ಇದನ್ನ ಅಳಿಯಂದ್ರು ಜೋಡಿಸ್ಲಿ. ಗುರುತೂ ಅವರೇ ಹಾಕ್ಲಿ,” ಅಂದರು ಅಪ್ಪ.

ಭಾವ! ಮೊನ್ನೆ ಮೊನ್ನೆವರೆಗೂ ಫ್ಯಾನ್ ರಿಪೇರಿ ಮಾಡುತ್ತಿದ್ದವರು. ಒಂದು ವರ್ಷದಿಂದ ಅಪ್ಪನ ಮಗ್ಗುಲಲ್ಲೇ ಅವರ ಸ್ಟೂಲು, ನನ್ನದು ಮೂಲೆಗೆ. ಹೋದ ತಿಂಗಳು ಅವರು ರಿಪೇರಿ ಮಾಡಿದ ಎರಡು ಗಡಿಯಾರ ವಾಪಸ್ ಬಂದವು. ಅಪ್ಪ ತುಟಿಪಿಟಕ್ಕೆನ್ನಲಿಲ್ಲ. ಹೊಟ್ಟೆ ಉರಿಯುತ್ತಿದೆ. ಅಕ್ಕ ಬೇರೆ, “ಯಾಕೆ ಮುಖ ಊದಿಸ್ಕೊಂಡಿದೀಯ? ಗಡಿಯಾರ ತಾನೆ, ಗಂಡನ್ನೇನೂ ಕಿತ್ಕೊಂಡಿಲ್ವಲ್ಲ,” ಅಂದಳು. ಗಂಡನಾಗಿದ್ದರೆ ಹೋಗಲಿ ಅನ್ನುತ್ತಿದ್ದೆ.

ಮಾರ್ಚ್ 6, ಮಧ್ಯಾಹ್ನ
ಮಾಡಿಬಿಟ್ಟೆ. ಭಾವ ಜೋಡಿಸಿಟ್ಟು ಊಟಕ್ಕೆ ಎದ್ದಾಗ ಪೆಂಡ್ಯುಲಮ್ ದೂಡುವ ತಂತಿಯನ್ನು ಕೂದಲೆಳೆಯಷ್ಟು ಬಗ್ಗಿಸಿದೆ. ಕುಂಟುತ್ತಿದೆ. ಟಿಕ್‌ಟಕ್... ಟಿಕ್‌ಟಕ್... ಹೀಗೇ ಗೋಡೆಗೆ ಹಾಕಿದರೆ ಎರಡೇ ದಿನಕ್ಕೆ ನಿಲ್ಲುತ್ತದೆ. ಆದರೆ ಸಂಜೆಯೇ ಅಪ್ಪ ಹಿಡಿಯುತ್ತಾರೆ. ಭಾವ ಬೈಸಿಕೊಳ್ಳಲಿ, ಚೆನ್ನಾಗಿ.

6 ಗಂಟೆ
ಅಪ್ಪ ಕಿವಿಯಿಟ್ಟರು. ಕಣ್ಣು ಮುಚ್ಚಿದರು. “ಸಮ,” ಅಂದರು.

ಪಕ್ಕದ ರೂಮಿನಲ್ಲಿ ಗಡಿಯಾರ ಕುಂಟಿದರೂ ಊಟ ಬಿಟ್ಟು ಏಳುತ್ತಿದ್ದ ಅಪ್ಪ! ಅಳಿಯ ಅಂದರೆ ಅಷ್ಟು ಪ್ರೀತಿಯೇ?

ಮಾರ್ಚ್ 8
ಭಾವ ಇನ್ನೂ ಗೀಚಿಲ್ಲ. ನಾವಿಬ್ಬರೇ ಇದ್ದಾಗ ಕೇಳಿದರು, “ನಿಜ ಹೇಳು, ಅದು ಸರಿ ಇದೆಯಾ? ನನ್ ಕಿವಿಗೆ ಎಲ್ಲಾ ಒಂದೇ.”

“ಅಪ್ಪ ಹೇಳಿದ್ರಲ್ಲ.”

“ಮಾವಂಗೆ ಗಡಿಯಾರದ ಸದ್ದು ಕೇಳ್ಸೋದು ನಿಂತು ವರ್ಷ ಆಯ್ತು. ನಿಂಗೆ ಹೇಳ್ಬೇಡ ಅಂತ ಆಣೆ ಹಾಕ್ಸಿದಾರೆ.”

“ನಂಗ್ಯಾಕೆ ಹೇಳ್ಬಾರ್ದು?”

“ನಿನ್ ಪಕ್ಕ ಕೂತ್ರೆ ಅರ್ಧ ದಿನಕ್ಕೆ ಸಿಕ್ಕಿಬೀಳ್ತಾರೆ. ನಾನಾದ್ರೆ ಏನೂ ಗೊತ್ತಾಗದವನು. ಅದಕ್ಕೇ ಆ ಜಾಗ ನಂಗೆ.”

ಥೂ ನನ್ನ. ಆ ಸ್ಟೂಲಿಗೆ ಹೊಟ್ಟೆಕಿಚ್ಚು ಪಟ್ಟೆನಲ್ಲ.

ಮಾರ್ಚ್ 11, ಬೆಳಿಗ್ಗೆ 9
ಎರಡು ದಿನ ಬರೆಯಲಿಲ್ಲ. ಇವತ್ತು ಬೇಗ ಹೋಗಿ ತಂತಿ ನೆಟ್ಟಗೆ ಮಾಡುತ್ತಿದ್ದೆ. ಅಪ್ಪ ಬಂದರು.

“ಅದ್ಯಾಕೆ ಮುಟ್ತೀಯ? ಮೊನ್ನೆ ಸಮ ಇತ್ತಲ್ಲ.”

“ಇತ್ತು” ಅಂದುಬಿಟ್ಟಿದ್ದರೆ ನನ್ನ ತಪ್ಪು ಮುಚ್ಚಿಹೋಗುತ್ತಿತ್ತು. ಅಪ್ಪನ ಮಾನವೂ ಉಳಿಯುತ್ತಿತ್ತು. ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದರು. ಎಂದಿನಿಂದ ಹೀಗೆ ನೋಡುತ್ತಿದ್ದಾರೋ...

“ಇರ್ಲಿಲ್ಲ ಅಪ್ಪ. ನಾನೇ ಬಗ್ಗಿಸಿದ್ದೆ, ಹೊಟ್ಟೆಕಿಚ್ಚಿಗೆ.” ನಿಧಾನವಾಗಿ ಹೇಳಿದೆ, ತುಟಿ ಕಾಣುವ ಹಾಗೆ.

ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಭಾವನ ಸ್ಟೂಲನ್ನು ಕಾಲಲ್ಲಿ ನನ್ನ ಕಡೆ ಸರಿಸಿದರು. ಕೂತೆ. ಗಡಿಯಾರಕ್ಕೆ ಕಿವಿಯಿಡಲು ಬಗ್ಗಿದವರು ಅರ್ಧದಲ್ಲೇ ನಿಂತರು.

“ಈಗ ಹೇಗಿದೆ? ನೀನೇ ಹೇಳು,” ಅಂದರು.

“ಸಮ,” ಅಂದೆ.

ಸೂಜಿ ನನ್ನ ಮುಂದಿಟ್ಟರು. ಇಸವಿ ಗೀಚಿದೆ. ಅದರ ಕೆಳಗೆ ಗುರುತು ಮಾತ್ರ ಭಾವನಿಗೇ ಬಿಟ್ಟೆ, ಜೋಡಿಸಿದ್ದು ಅವರೇ ತಾನೆ.